ಬಿತ್ತನೆಯಿಂದ ಮಂಡಿಗೆ ಬಂದ ಸೀಜನ್

ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಕಡೆ ಯಾರನ್ನಾದರೂ ನಿಲ್ಲಿಸಿ "ಸೀಜನ್ ಹೆಂಗೈತಣ್ಣಾ?" ಎಂದು ಕೇಳಿ ನೋಡಿ. ಮಳೆಯ ಸುದ್ದಿ ಬರುವುದಿಲ್ಲ. ತೋತಾಪುರಿ ಟನ್ನಿಗೆ ಎಷ್ಟಕ್ಕೆ ಹೋಯಿತು, ಚಿತ್ತೂರಿನ ಫ್ಯಾಕ್ಟರಿಗಳು ಲಾರಿಗಳನ್ನು ಒಳಗೆ ಬಿಡುತ್ತಿವೆಯೇ, ಬಾದಾಮಿಗೆ ಹೊರಗಿನ ವ್ಯಾಪಾರಿ ಬಂದನೇ ಎಂಬ ದಾರಿಯಲ್ಲೇ ಮಾತು ಸಾಗುತ್ತದೆ. ಇದೇ ಪ್ರಶ್ನೆಗೆ ಕೋಲಾರದ ಎಪಿಎಂಸಿಯಲ್ಲಿ ಸಿಗುವ ಉತ್ತರ 15 ಕಿಲೋ ಟೊಮೆಟೊ ಬಾಕ್ಸಿನ ದರ. ಮಾಲೂರಿನ ಹೂವಿನ ತೋಟದಲ್ಲಾದರೆ ಮುಂದಿನ ಮುಹೂರ್ತಗಳ ಲೆಕ್ಕ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಓಡಾಡುವ ಈ ಮೂಡಣ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ರೂಪದಲ್ಲಿ ಉಳಿದಿರುವ ಪದಗಳು ಕಡಿಮೆ. ಸೀಜನ್ ಅಂಥದ್ದೊಂದು. ಅದಕ್ಕೆ ವಿರುದ್ಧ ಪದವನ್ನೂ ನಾವೇ ಮಾಡಿಕೊಂಡಿದ್ದೇವೆ: ಅನ್‌ಸೀಜನ್. ಇಂಗ್ಲಿಷರ ನಿಘಂಟಿನ ಒಪ್ಪಿಗೆಗೆ ನಮ್ಮ ಮಂಡಿ ಕಾದು ಕೂರಲಿಲ್ಲ.

ಈ ಪದ ಹುಟ್ಟಿದ ಜಾಗದಲ್ಲಿ ಮಂಡಿಯೂ ಇರಲಿಲ್ಲ, ದರವೂ ಇರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಬಿತ್ತು ಎನ್ನುವುದಕ್ಕೆ ‘ಸೆರೆರೆ’, ಬಿತ್ತುವ ಕೆಲಸಕ್ಕೆ ‘ಸಾಟಿಯೋ’. ರೋಮನ್ನರ ಭಾಷೆ ಒಡೆದು ಊರೂರಿನ ಆಡುಮಾತುಗಳಾದಾಗ ಸಾಟಿಯೋ ಬಿತ್ತುವ ಕೆಲಸದಿಂದ ಬಿತ್ತುವ ದಿನಗಳಿಗೆ ಜಾರಿತು. ಹಳೆಯ ಫ್ರೆಂಚಿನಲ್ಲಿ ಅದು ‘ಸೆಸೋನ್’. ಅರ್ಥ ಬಿತ್ತನೆ ಎಂದೂ ಹೌದು, ತಕ್ಕ ಕಾಲ ಎಂದೂ ಹೌದು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ಪದಗಳು ಸಾಲುಗಟ್ಟಿ ಅಲ್ಲಿಗೆ ಬಂದವು. 1300ರ ಆಸುಪಾಸಿನಲ್ಲಿ ಇದು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು. ಅದಕ್ಕೂ ಮೊದಲು ಇಂಗ್ಲಿಷರಿಗೆ ತಮ್ಮದೇ ಪದವಿತ್ತು, ‘ಟೀಡ್’. ಹೊತ್ತು, ಗಳಿಗೆ, ಕಾಲ, ಹಬ್ಬದ ದಿನಗಳು ಎಲ್ಲಕ್ಕೂ ಅದೇ. ಆ ಪದ ಈಗ ‘ಟೈಡ್’ ಆಗಿ ಸಮುದ್ರದ ಉಬ್ಬರವಿಳಿತಕ್ಕೆ ಹೋಗಿ ಸೇರಿದೆ. ಹೊಲದಿಂದ ಬಂದ ಪದ ಕಾಲವಾಯಿತು, ಕಾಲದ ಪದ ಕಡಲ ಪಾಲಾಯಿತು.

ಸೆರೆರೆಯ ಬೇರಿನಲ್ಲೇ ಇಂಗ್ಲಿಷಿನ ‘ಸೀಡ್’ ಇದೆ, ‘ಸೋ’ ಇದೆ. ‘ಸೆಮಿನಾರ್’ ಕೂಡ ಇದೆ ಎಂದರೆ ಕೆಲವರು ನಂಬಲಾರರು. ಸೆಮಿನಾರಿಯಂ ಎಂದರೆ ಲ್ಯಾಟಿನ್‌ನಲ್ಲಿ ಸಸಿಮಡಿ. ಈ ಲೆಕ್ಕದಲ್ಲಿ ಕೋಲಾರದ ಹೊರಗಿರುವ ಟಮಕದ ತೋಟಗಾರಿಕೆ ಕಾಲೇಜಿನ ಸಭಾಂಗಣಕ್ಕಿಂತ, ಹಸಿರು ಬಲೆಯಡಿ ಟ್ರೇಗಳಲ್ಲಿ ಲಕ್ಷಗಟ್ಟಲೆ ಟೊಮೆಟೊ ನಾರು ಎಬ್ಬಿಸುವ ನರ್ಸರಿಗಳಲ್ಲೇ ನಿಜವಾದ ಸೆಮಿನಾರ್ ದಿನವೂ ನಡೆಯುತ್ತಿದೆ.

ಹಾಗಾದರೆ ಸೀಜನ್ ಬರುವ ಮೊದಲು ಈ ಸೀಮೆಯ ರೈತ ಏನನ್ನುತ್ತಿದ್ದ? ಒಂದು ಪದ ಹುಡುಕಿದರೆ ಹತ್ತು ಸಿಗುತ್ತವೆ. ಮುಂಗಾರು, ಹಿಂಗಾರು, ಸುಗ್ಗಿ, ಬೇಸಿಗೆ ನಮ್ಮವೇ. ಹಳಗನ್ನಡದಲ್ಲಿ ಸುಗ್ಗಿ ಎಂದರೆ ವಸಂತವೂ ಹೌದು. ಈಗ ಕೊಯ್ಲಿಗಷ್ಟೇ ನಿಂತಿದೆ. ‘ಹಂಗಾಮು’ ಪಾರ್ಸಿಯಿಂದ ಮರಾಠಿಯ ಮೂಲಕ ಬಂದದ್ದು. ಮೂಲದಲ್ಲಿ ಅದಕ್ಕೂ ಕಾಲ ಎಂದೇ ಅರ್ಥ. ಒಂದು ಹಂಗಾಮಿನ ಮಟ್ಟಿಗೆ ಇರುವವನು ಹಂಗಾಮಿ. ವಿಧಾನಸಭೆಯ ಹಂಗಾಮಿ ಸ್ಪೀಕರ್ ಆ ವಂಶದವರು. ‘ಫಸಲು’ ಅರಬ್ಬಿಯದು: ಭಾಗ, ಋತು, ಬೆಳೆ ಎಂಬ ಮೂರೂ ಅರ್ಥ ಅದಕ್ಕಿದೆ. ಖಾರಿಫ್ ಮತ್ತು ರಬಿ ಕೂಡ ಅರಬ್ಬಿಯೇ. ಒಂದು ಶರತ್ತು, ಇನ್ನೊಂದು ವಸಂತ. ಇವೆಲ್ಲ ಕೋಲಾರಕ್ಕೆ ಬಂದದ್ದು ವಿದ್ವಾಂಸರ ಮೂಲಕವಲ್ಲ, ಕಂದಾಯದ ಕಡತದ ಮೂಲಕ. 17ನೆಯ ಶತಮಾನದಲ್ಲಿ ಬಿಜಾಪುರದ ಪರವಾಗಿ ಶಹಾಜಿಯ ಜಹಗೀರು, ಆಮೇಲೆ ಸಿರಾದ ಮೊಗಲ್ ಸುಬೇದಾರಿ, ಆಮೇಲೆ ಹೈದರ್. ಹೈದರನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲೇ ಇದೆ. ಆಳುವವರು ಬದಲಾದಂತೆ ಸುಂಕದ ಗಡುವಿಗೆ ಹೊಸ ಹೆಸರು ಬರುತ್ತಿತ್ತು. ಕೊನೆಗೆ ಬಂದ ಇಂಗ್ಲಿಷರೂ ಅದನ್ನೇ ಮಾಡಿದರು. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ವರ್ಷವರ್ಷವೂ ಬರುತ್ತಿದ್ದ ಸರ್ಕಾರಿ ವರದಿಯ ಹೆಸರೇ ‘ಸೀಸನ್ ಅಂಡ್ ಕ್ರಾಪ್ ರಿಪೋರ್ಟ್’.

ಆದರೆ ಹೊಲದಲ್ಲಿ ನಡೆಯುತ್ತಿದ್ದದ್ದು ಬೇರೆ ಪಂಚಾಂಗ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13–14 ದಿನಕ್ಕೆ ಒಂದು ಮಳೆ. ಶ್ರೀನಿವಾಸಪುರ, ಮುಳಬಾಗಿಲಿನ ತೆಲುಗು ಮನೆಗಳಲ್ಲಿ ಅದಕ್ಕೆ ‘ಕಾರ್ತೆ’. ಇಡೀ ವರ್ಷವನ್ನು ನಾಲ್ಕು ಪಾಲು ಮಾಡುವ ಇಂಗ್ಲಿಷರ ಲೆಕ್ಕವಾಗಲಿ, ಆರು ಋತು ಮಾಡುವ ಸಂಸ್ಕೃತದ ಲೆಕ್ಕವಾಗಲಿ ಬಿತ್ತುವವನಿಗೆ ತೀರ ದೊಡ್ಡ ಜರಡಿ. ಗ್ರೀಷ್ಮ ಬಂತೆಂದು ಯಾರೂ ರಾಗಿ ಬಿತ್ತಿದ್ದಿಲ್ಲ. ಆರಿದ್ರೆ ಹನಿಸಿತೇ, ಪುನರ್ವಸು ಕೈಕೊಟ್ಟಿತೇ ಎಂಬುದನ್ನು ನೋಡಿ ಬಿತ್ತುತ್ತಿದ್ದರು.

ಮಳೆ ಬಂದ ಮಾತ್ರಕ್ಕೂ ಬಿತ್ತುವಂತಿಲ್ಲ, ಹದ ಬೇಕು. ಕೋಲಾರದ ತೆಲುಗಿನಲ್ಲಿ ‘ಅದನು ಪದನು’ ಎಂದು ಜೋಡಿಯಾಗಿ ಹೇಳುತ್ತಾರೆ. ಅದನು ಎಂದರೆ ತಕ್ಕ ಹೊತ್ತು. ಪದನು ಎಂದರೆ ಮಣ್ಣಿನಲ್ಲಿರಬೇಕಾದ ಪಸೆ. ಆ ಪದನುವೇ ನಮ್ಮ ಹದ. ಹಳೆಯ ಪಕಾರ ಕನ್ನಡದಲ್ಲಿ ಹಕಾರವಾಗುವುದು ಶಾಲೆಯ ಮಕ್ಕಳಿಗೂ ಗೊತ್ತಿರುವ ನಿಯಮ. ಇಂಗ್ಲಿಷಿನ ಸೀಜನ್ ಹುಟ್ಟುವಾಗ ಯಾವ ಅರ್ಥ ಹೊತ್ತಿತ್ತೋ ಅದಕ್ಕೆ ಕನ್ನಡದಲ್ಲಿ ಅತಿ ಹತ್ತಿರ ಇರುವುದು ಋತುವೂ ಅಲ್ಲ, ಕಾಲವೂ ಅಲ್ಲ, ಈ ಹದ ಎಂಬುದು ನನ್ನ ಅನಿಸಿಕೆ. ಇಂಗ್ಲಿಷಿನಲ್ಲಿ ಅದೇ ಪದ ಕ್ರಿಯಾಪದವಾಗಿ ಅಡುಗೆಮನೆಗೂ ಮರಗೆಲಸಕ್ಕೂ ಹೋಗಿದೆ. ಹಣ್ಣನ್ನು ಕಾಲಕ್ಕೆ ಸರಿಯಾಗಿ ಮಾಗಿಸು ಎಂಬ ಫ್ರೆಂಚ್ ಅರ್ಥದಿಂದ ಅಡುಗೆಯನ್ನು ರುಚಿಗೆ ತರು ಎಂಬ ಅರ್ಥ ಬಂತು, ಅಲ್ಲಿಂದ ಹಸಿಮರವನ್ನು ಒಣಗಿಸಿ ಕೆಲಸಕ್ಕೆ ತರು ಎಂಬುದು ಬಂತು. ಹದವೂ ಅಷ್ಟೇ ದೂರ ನಡೆದಿದೆ. ಮಣ್ಣಿಗೆ ಹದ, ಮುದ್ದೆಗೆ ಹದ, ಚರ್ಮಕ್ಕೆ ಹದ, ಮಾತಿಗೂ ಹದ. ನಡುವೆ ಎಲ್ಲೋ ನಮ್ಮ ಬಡಗಿಗಳು ಮಾತ್ರ "ಮರ ಇನ್ನೂ ಸೀಜನ್ ಆಗಿಲ್ಲ" ಎನ್ನುವುದನ್ನು ರೂಢಿಸಿಕೊಂಡರು.

ಮುಳಬಾಗಿಲಿಗೆ ಹೋದರೆ ಈ ಕ್ರಿಯಾಪದಕ್ಕೆ ಇನ್ನೊಂದು ಕನ್ನಡ ಸಿಗುತ್ತದೆ. ಅಲ್ಲಿನ ದೋಸೆಯ ಹೆಸರು ಜಿಲ್ಲೆ ದಾಟಿ ಬೆಂಗಳೂರಿನ ಬೋರ್ಡುಗಳ ಮೇಲೂ ಏರಿದೆ. ಹಿಟ್ಟಿನ ಗುಟ್ಟಿನ ಬಗ್ಗೆ ತಲೆಗೊಂದು ಮಾತು ಕೇಳಿಬರುತ್ತದೆ. ಕಾವಲಿಯ ಬಗ್ಗೆ ಮಾತ್ರ ಒಮ್ಮತ, ಪಳಗಿರಬೇಕು. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ ಎಷ್ಟೋ ದಿನ ಬಳಸಿದ ಮೇಲೆ ಕಬ್ಬಿಣ ಹಿಟ್ಟನ್ನು ಹಿಡಿದುಕೊಳ್ಳುವುದನ್ನು ಬಿಡುತ್ತದೆ. ಇಂಗ್ಲಿಷ್ ಅಡುಗೆ ಪುಸ್ತಕ ಇದಕ್ಕೆ ಸೀಸನಿಂಗ್ ಎನ್ನುತ್ತದೆ, ನಾವು ಪಳಗಿಸುವುದು ಎನ್ನುತ್ತೇವೆ. ಅವರಲ್ಲಿ ಸೀಸನ್ಡ್ ಪಾಲಿಟಿಷಿಯನ್, ನಮ್ಮಲ್ಲಿ ಪಳಗಿದ ರಾಜಕಾರಣಿ. ಕೋಲಾರ ಜಿಲ್ಲೆಯಲ್ಲಿ ಈ ಎರಡನೆಯ ಸರಕಿಗೂ ಕೊರತೆಯಿಲ್ಲ.

ಬಿತ್ತನೆಯಿಂದ ಹುಟ್ಟಿದ ಪದ ಮಾರಾಟಕ್ಕೆ ಬಂದದ್ದು ಹೇಗೆ ಎಂಬುದು ಈಗಿನ ಪ್ರಶ್ನೆ. ಇದಕ್ಕೆ ಶ್ರೀನಿವಾಸಪುರಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಪಾಪನಪಲ್ಲಿ ಎಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟು ಶ್ರೀನಿವಾಸಪುರ ಮಾಡಿದರು. ಈಗ ಅದು ರಾಜ್ಯದಲ್ಲೇ ಹೆಚ್ಚು ಮಾವು ಬೆಳೆಯುವ ತಾಲ್ಲೂಕು. ಮಾವಿನಲ್ಲಿ ಬಿತ್ತನೆಯೇ ಇಲ್ಲ. ಕಸಿ ಗಿಡ ಒಮ್ಮೆ ನೆಟ್ಟರೆ ಅಜ್ಜನ ಕಾಲದ ಮರ ಮೊಮ್ಮಗನಿಗೂ ಕಾಯಿ ಕೊಡುತ್ತದೆ. ಹಾಗಾಗಿ ಇಲ್ಲಿ ಸೀಜನ್ ಎಂಬುದಕ್ಕೆ ತನ್ನ ಹುಟ್ಟಿನ ಅರ್ಥವನ್ನು ಉಳಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಡಿಸೆಂಬರಿನಿಂದ ಫೆಬ್ರುವರಿಯ ತನಕ ಹೂವು. ಆಗಲೇ ವ್ಯಾಪಾರ ಶುರು. ತೋಟವನ್ನು ಹೂವಿನ ಮೇಲೆ ಗುತ್ತಿಗೆಗೆ ಕೊಡುವವರಿದ್ದಾರೆ. ಇನ್ನು ಕೆಲವರು ಪಿಂದೆ ಕಟ್ಟುವ ತನಕ ತಾಳಿ ಆಮೇಲೆ ಕೊಡುತ್ತಾರೆ. ಪಿಂದೆ ಎಂದರೆ ಹೀಚು. ಶ್ರೀನಿವಾಸಪುರದ ಕನ್ನಡಕ್ಕೆ ಅದು ತೆಲುಗಿನಿಂದ ಬಂದ ಬಳುವಳಿ. ಹೂವಿನ ಮೇಲೆ ಕೊಟ್ಟವನಿಗೆ ದುಡ್ಡು ಬೇಗ, ಭಯ ಕಡಿಮೆ, ಮೊತ್ತವೂ ಕಡಿಮೆ. ಕೊಂಡವನ ಪಾಲಿಗೆ ಮುಂದಿನ ನಾಲ್ಕು ತಿಂಗಳು ಜಿಗಿಹುಳು, ಬೂದಿರೋಗ, ಆಲಿಕಲ್ಲು, ಗಾಳಿ ಎಲ್ಲವೂ ಸೇರಿಕೊಂಡ ಜೂಜು. ಮರಕ್ಕೂ ತನ್ನದೊಂದು ಹಠವಿದೆ: ಒಂದು ವರ್ಷ ತುಂಬಾ ಕೊಟ್ಟರೆ ಮರುವರ್ಷ ಕೈ ಹಿಡಿಯುತ್ತದೆ. ಬಾದಾಮಿಯಂಥ ತಳಿಗಳಲ್ಲಿ ಇದು ಹೆಚ್ಚು. ಮರದ ಈ ರಜೆಯನ್ನು ಕತ್ತರಿಸಲು ಕೆಲವರು ಬುಡಕ್ಕೆ ಪ್ಯಾಕ್ಲೋಬ್ಯುಟ್ರಜೋಲ್ ಸುರಿದು ಹೂವನ್ನು ಬಲವಂತವಾಗಿ ಕರೆಯುತ್ತಾರೆ. ಆ ಔಷಧಿಯ ಉದ್ದೇಶ ಕಾಯಿ ಹೆಚ್ಚು ಮಾಡುವುದಷ್ಟೇ ಅಲ್ಲ, ಮುಂಚೆ ತರಿಸುವುದು. ಮುಂಚೆ ಬಂದ ಹಣ್ಣಿಗೆ ದರ ಇರುತ್ತದೆ.

ಈ ಮುಂಚೆ–ಹಿಂಚೆಯ ಲೆಕ್ಕದಲ್ಲಿ ಶ್ರೀನಿವಾಸಪುರದ ಜಾತಕ ಅಷ್ಟು ಚೆನ್ನಾಗಿಲ್ಲ. ಕರ್ನಾಟಕದಲ್ಲಿ ಮೊದಲು ಮಾಗುವುದು ರಾಮನಗರ, ಚನ್ನಪಟ್ಟಣದ ಕಡೆಯ ಹಣ್ಣು; ಕೋಲಾರದ್ದು ಕೊನೆಗೆ, ಮೇ ಮಧ್ಯದಿಂದ ಜುಲೈ ತನಕ. ರಸಪುರಿ, ಬಾದಾಮಿ, ಬೇನಿಷಾ, ಮಲ್ಲಿಕಾ ಮುಗಿದ ಮೇಲೂ ತೋತಾಪುರಿ ಮರದಲ್ಲಿ ತೂಗುತ್ತಿರುತ್ತದೆ. ಪೇಟೆಯವನು ಆ ಹೊತ್ತಿಗೆ ಮಾವು ತಿಂದು ತಿಂದು ಬೇಸತ್ತಿರುತ್ತಾನೆ. ತೋತಾಪುರಿ ಅವನನ್ನು ನಂಬಿದ ಹಣ್ಣಲ್ಲ. ಅದರ ಗಿರಾಕಿ ತಿರುಳು ತೆಗೆಯುವ ಕಾರ್ಖಾನೆ. ಆ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಗಡಿಯಾಚೆ, ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ.

2025ರ ಜೂನ್‌ನಲ್ಲಿ ಇದರ ಬೆಲೆ ತೆರಬೇಕಾಯಿತು. ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಒಳಗೆ ಬರಕೂಡದು ಎಂದಿತು. ಅವರಿಗೂ ಅವರದೇ ಕಾರಣವಿತ್ತು: ಆಂಧ್ರ ಸರ್ಕಾರ ತನ್ನ ರೈತರಿಗೆ ಕಾರ್ಖಾನೆಯಿಂದ ಕಿಲೋಗೆ 8 ರೂಪಾಯಿ, ಸರ್ಕಾರದಿಂದ 4 ರೂಪಾಯಿ ಎಂದು ಘೋಷಿಸಿತ್ತು. ಈಚೆಯ ಅಗ್ಗದ ಹಣ್ಣು ಒಳನುಗ್ಗಿದರೆ ಆ ಲೆಕ್ಕ ಕೆಡುತ್ತಿತ್ತು. ಗಡಿಯಲ್ಲಿ ಲಾರಿಗಳು ನಿಂತವು, ಶ್ರೀನಿವಾಸಪುರದಲ್ಲಿ ಬಂದ್ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ 2.5 ಲಕ್ಷ ಟನ್‌ವರೆಗಿನ ಕರ್ನಾಟಕದ ತೋತಾಪುರಿಗೆ ದರದ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಆ ವರ್ಷ ಮರಗಳು ತಮ್ಮ ಕೆಲಸ ಮಾಡಿದ್ದವು, ಕಾಯಿ ತೂಗಿತ್ತು, ಹಣ್ಣು ಮಾಗಿತ್ತು. ಆದರೂ ಊರಿನವರು ಹೇಳಿದ್ದು ಒಂದೇ ಮಾತು: ಈ ಸಲ ಸೀಜನ್ ಇಲ್ಲ. ಹೊಲದ ಕಡೆಯಿಂದ ನೋಡಿದರೆ ಅರ್ಥವಾಗದ ಈ ಮಾತು ಮಂಡಿಯ ಕಡೆಯಿಂದ ನೋಡಿದರೆ ನೀರಿನಷ್ಟು ತಿಳಿ.

ಟೊಮೆಟೊದ ಕಥೆ ಇನ್ನೂ ವಿಚಿತ್ರ. ಏಷ್ಯಾದ ಎರಡನೆಯ ದೊಡ್ಡ ಟೊಮೆಟೊ ಮಾರುಕಟ್ಟೆ ಎಂದು ಕರೆಸಿಕೊಳ್ಳುವ ಕೋಲಾರದ ಎಪಿಎಂಸಿಯಲ್ಲಿ ಮತ್ತು ಮುಳಬಾಗಿಲು ತಾಲ್ಲೂಕಿನ ಎನ್. ವಡ್ಡಹಳ್ಳಿಯಲ್ಲಿ ಸರಕು ಬಾರದ ದಿನವೇ ಅಪರೂಪ. ಸಸಿ ನೆಟ್ಟ ಎರಡು–ಎರಡೂವರೆ ತಿಂಗಳಿಗೆ ಕಾಯಿ ಕೀಳಬಹುದು. ಹನಿ ನೀರಾವರಿ, ಮಲ್ಚಿಂಗ್ ಶೀಟು, ಕೋಲು ಕಟ್ಟಿದ ಸಾಲು ಇದ್ದರೆ ಯಾವ ತಿಂಗಳಲ್ಲಾದರೂ ನೆಡಬಹುದು. ಗಿಡದ ಕಡೆಯಿಂದ ಸೀಜನ್ನೇ ಇಲ್ಲದ ಬೆಳೆ ಇದು. ಆದರೂ ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಕೋಲಾರದಲ್ಲಿ ‘ಟೊಮೆಟೊ ಸೀಜನ್’. ಏಕೆಂದರೆ ಅದು ಉತ್ತರ ಭಾರತದ ಅನ್‌ಸೀಜನ್. ಅಲ್ಲಿನ ಬೇಸಿಗೆಯ ಬಿಸಿಗೆ ಹೂವು ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ನಾಸಿಕದ ಕಾಯಿ ಇನ್ನೂ ಬಂದಿರುವುದಿಲ್ಲ. 800 ಮೀಟರ್‌ಗೂ ಮೇಲಿರುವ ಕೋಲಾರದಲ್ಲಿ ಆಗಲೂ ರಾತ್ರಿ ತಂಪು. ದೆಹಲಿಯ ಸೆಕೆ ಕೋಲಾರದ ಪಂಚಾಂಗವಾದದ್ದು ಹೀಗೆ.

2023ರ ಜುಲೈನಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ತೋಟಕ್ಕೆ ರಾತ್ರಿ ಕಾವಲು ಕೂತರು, ಲಾರಿಗಳಿಗೆ ಬೆಂಗಾವಲು ಕೇಳಿದರು. ಅದನ್ನು ನೋಡಿ ಇನ್ನಷ್ಟು ಜನ ನೆಟ್ಟರು. ಸೆಪ್ಟೆಂಬರ್ ಹೊತ್ತಿಗೆ ದರ ನೆಲ ಕಚ್ಚಿತ್ತು. ನೆಡುವ ದಿನ ಮತ್ತು ಮಾರುವ ದಿನದ ನಡುವೆ ಇರುವ ಎರಡೂವರೆ ತಿಂಗಳೇ ಇಲ್ಲಿನ ಎಲ್ಲ ಸಾಲದ ಮೂಲ. ಇವತ್ತಿನ ದರ ನೋಡಿ ನೆಟ್ಟವನು ಮಾರುವುದು ಯಾರಿಗೂ ಗೊತ್ತಿಲ್ಲದ ದರಕ್ಕೆ.

ಯಾವ ತಿಂಗಳಲ್ಲಾದರೂ ನೆಡುವ ಈ ಸ್ವಾತಂತ್ರ್ಯ ಬಂದದ್ದು ಕೊಳವೆಬಾವಿಯಿಂದ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಯಲ್ಲಿ ಇಲ್ಲ. ಪಾಲಾರ್ ನಕ್ಷೆಯಲ್ಲಿ ಹರಿಯುವಷ್ಟು ನೆಲದ ಮೇಲೆ ಹರಿಯುವುದಿಲ್ಲ. ಸಾವಿರಾರು ಕೆರೆಗಳೇ ಆಧಾರವಾಗಿದ್ದ ಕಾಲದಲ್ಲಿ ಸೀಜನ್ನಿನ ಬೀಗದ ಕೈ ಇದ್ದದ್ದು ನೀರುಗಂಟಿಯ ಬಳಿ. ತೂಬು ಎತ್ತುವವನು ಅವನು, ಯಾವ ಗದ್ದೆಗೆ ಯಾವ ಸರದಿ ಎಂದು ಹೇಳುವವನು ಅವನು. ಕೆರೆಯಲ್ಲಿ ಎಷ್ಟು ನೀರಿದೆ ಎಂದು ನೋಡಿ ಈ ವರ್ಷ ಭತ್ತವೋ ರಾಗಿಯೋ ಎಂದು ಊರು ಕೂತು ತೀರ್ಮಾನಿಸುತ್ತಿತ್ತು. ಮೋಟಾರಿನ ಸ್ವಿಚ್ಚು ಪ್ರತಿ ಮನೆಗೂ ಬಂದ ಮೇಲೆ ನೀರುಗಂಟಿಗೆ ಕೆಲಸ ಉಳಿಯಲಿಲ್ಲ. ಕೊಳವೆ ಸಾವಿರ ಅಡಿ ದಾಟಿತು, ಕೆಲವು ಕಡೆ ಸಾವಿರದ ಐನೂರನ್ನೂ ದಾಟಿತು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ ಇನ್ನೊಂದು ಅಧ್ಯಾಯ ತೆರೆಯಿತು. ದಿನಕ್ಕೆ 44 ಕೋಟಿ ಲೀಟರ್ ಎಂಬ ಗುರಿಯ ಈ ಕೆ.ಸಿ. ವ್ಯಾಲಿ ಯೋಜನೆಯ ನೀರಿನ ಗುಣಮಟ್ಟದ ಬಗ್ಗೆ ನ್ಯಾಯಾಲಯದವರೆಗೂ ಜಗಳ ಹೋಗಿದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಬೆಂಗಳೂರಿನವರು ದಿನವೂ ಸ್ನಾನ ಮಾಡುತ್ತಾರೆ, ಆದ್ದರಿಂದ ಆ ನೀರಿಗೆ ಮಳೆನಕ್ಷತ್ರ ಬೇಕಿಲ್ಲ.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ಹೊರಟವರಿಗೆ ನನ್ನ ಸಮ್ಮತಿ ಇಲ್ಲ. ಮಳೆಯೊಂದೇ ಒಡೆಯನಾಗಿದ್ದ ಕಾಲದ ಲೆಕ್ಕ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಬರೆದಿದೆ. 1876–78ರ ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಜಿಲ್ಲೆಗಳು ಹೆಚ್ಚು ನರಳಿದವು, ಕೋಲಾರ ಅವುಗಳಲ್ಲೊಂದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಸುತ್ತ ಬಂದು ನಿಂತಿತ್ತು. ನಕ್ಷತ್ರಗಳ ಹೆಸರು ಬಾಯಿಪಾಠ ಬರುತ್ತಿದ್ದವರೇ ಅವರೆಲ್ಲ. ಈಗಲೂ ಮಳೆ ಲೆಕ್ಕ ತಪ್ಪಿದರೆ ತಾನಿದ್ದೇನೆಂದು ತೋರಿಸುತ್ತದೆ. 2021ರ ನವೆಂಬರಿನಲ್ಲಿ ಕೆರೆಗಳೆಲ್ಲ ಕೋಡಿ ಬಿದ್ದು ಊರವರು ತೆಪ್ಪ ಬಿಟ್ಟು ಪೂಜೆ ಮಾಡುತ್ತಿದ್ದಾಗ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು.

ಪಕ್ಕದ ಕೆಜಿಎಫ್‌ನಲ್ಲಿ ಈ ಗೊಡವೆಯೇ ಇರಲಿಲ್ಲ. 2001ರಲ್ಲಿ ಗಣಿ ಮುಚ್ಚುವ ತನಕ ಅಲ್ಲಿ ಕಾಲಕ್ಕೆ ಇದ್ದದ್ದು ಒಂದೇ ಇಂಗ್ಲಿಷ್ ಹೆಸರು, ಶಿಫ್ಟ್. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫಿನಲ್ಲಿ ಮಾಗಿಯೂ ಬೇಸಿಗೆಯೂ ಒಂದೇ ಸೆಕೆ.

ಮಾಲೂರಿನ ಸೀಜನ್ ದೇವರ ಕೈಯಲ್ಲಿದೆ. ಮಲ್ಲಿಕಾಪುರ ಎಂಬುದು ಊರಿನ ಹಳೆಯ ಹೆಸರು ಎಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ಮಲ್ಲಿಗೆಗಿಂತ ಈಗ ಹೆಚ್ಚು ಕಾಣುವುದು ಗುಲಾಬಿ, ಸೇವಂತಿಗೆ, ಪಾಲಿಹೌಸುಗಳ ದಪ್ಪ ಮೆಣಸಿನಕಾಯಿ. ಹೂವಿನವನಿಗೆ ಆಷಾಢ ಅನ್‌ಸೀಜನ್. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹತ್ತಿರವಾದಂತೆ ದರ ದಿನದಿನಕ್ಕೆ ಏರುತ್ತದೆ, ಹಬ್ಬದ ಮರುದಿನ ಬೀಳುತ್ತದೆ. ಅಧಿಕ ಮಾಸ ಬಂದ ವರ್ಷ ಮುಹೂರ್ತದ ಪಟ್ಟಿಯೇ ಹಿಂದೆ ಮುಂದಾಗಿ ಸೇವಂತಿಗೆಯವನ ಲೆಕ್ಕ ಅಡಿಮೇಲು. ಇಟ್ಟಿಗೆ ಗೂಡಿನವರಿಗೆ ಇದಕ್ಕೆ ತಿರುಗುಮುರುಗು: ಮಳೆ ನಿಂತ ಮೇಲೆ ಅವರ ಸೀಜನ್, ಮೊದಲ ದೊಡ್ಡ ಮಳೆಗೆ ಮುಕ್ತಾಯ. ಡಿಸೆಂಬರ್–ಜನವರಿಯಲ್ಲಿ ಜಿಲ್ಲೆಯ ಊರೂರಿನಿಂದ ಕೆಂಪು ಸೀರೆಯುಟ್ಟ ಹೆಂಗಸರು ಮೇಲ್ಮರುವತ್ತೂರಿನ ದೇವಿಯ ಗುಡಿಗೆ ಬಸ್ಸು ಹತ್ತುತ್ತಾರೆ. ಬಸ್ಸಿನ ಮಾಲೀಕರಿಗೆ ಅದು ಓಂ ಶಕ್ತಿ ಸೀಜನ್. ಚುನಾವಣೆ ಹತ್ತಿರವಿದ್ದರೆ ಎರಡು ಸೀಜನ್ ಒಂದಾಗಿ ಟಿಕೆಟ್ಟಿನ ಖರ್ಚು ಬೇರೆಯವರ ಪಾಲಿಗೆ ಹೋಗುವುದೂ ಉಂಟು.

ಮಾಲೂರಿನಲ್ಲೇ ಈ ಪದದ ಅತ್ಯಂತ ಒಣಗಿದ ರೂಪವೂ ಇದೆ. ಮದ್ರಾಸ್ ರೈಲ್ವೆ 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಹಳಿ ಹಾಕಿದಾಗ ಮಾಲೂರು ಆ ದಾರಿಯ ನಿಲ್ದಾಣವಾಯಿತು. ಈಗ ಬೆಳಗಿನ ಗಾಡಿಗಳಲ್ಲಿ ಮಾಲೂರು, ಟೇಕಲ್, ಬಂಗಾರಪೇಟೆಯಿಂದ ಬೆಂಗಳೂರಿಗೆ ದುಡಿಯಲು ಹೋಗುವವರ ಜೇಬಿನಲ್ಲಿರುವುದು ಸೀಜನ್ ಟಿಕೆಟ್, ಬಾಯಲ್ಲಿ ‘ಪಾಸ್’. ಸುಮಾರು 15 ಒಂಟಿ ಪ್ರಯಾಣದ ದರ ಕೊಟ್ಟರೆ ತಿಂಗಳಿಡೀ ಓಡಾಟ, 150 ಕಿಲೋಮೀಟರ್ ದೂರದವರೆಗೆ. ಬಿತ್ತನೆ ಎಂಬ ಅರ್ಥದಲ್ಲಿ ಹುಟ್ಟಿದ ಪದ, ಬಿತ್ತುವುದನ್ನು ಬಿಟ್ಟು ಊರ ಹೊರಗೆ ದುಡಿಯಲು ಹೋಗುವವನ ಗುರುತಿನ ಚೀಟಿಯ ಮೇಲೆ ಬಂದು ಕೂತಿದೆ. ಅವರಲ್ಲಿ ಎಷ್ಟೋ ಜನರ ಮನೆಯ ಕೊಳವೆಬಾವಿ ಬತ್ತಿದ್ದೇ ಪಾಸ್ ಮಾಡಿಸಲು ಕಾರಣ.

ಇಷ್ಟೆಲ್ಲದರ ನಡುವೆ ಮಂಡಿಯ ಮಾತು ಕೇಳದ ಒಂದು ಬಳ್ಳಿ ಇತ್ತು, ಅವರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಜುಲೈ–ಆಗಸ್ಟಿನಲ್ಲಿ ಬಿತ್ತಿದ ನಾಟಿ ಅವರೆ, ನೀರು ಕೊಟ್ಟರೂ ಗೊಬ್ಬರ ಕೊಟ್ಟರೂ ಹಗಲು ಕಿರಿದಾಗುವ ತನಕ ಹೂ ಬಿಡುವುದಿಲ್ಲ. ಅದು ಲೆಕ್ಕ ಹಾಕುವುದು ರಾತ್ರಿಯ ಉದ್ದವನ್ನು. ಬೇಗ ಬಿತ್ತಿದರೆ ಬಳ್ಳಿ ಬೆಳೆಯುತ್ತದೆ, ಅಷ್ಟೇ. ಹೀಗಾಗಿ ಧನುರ್ಮಾಸದ ಚಳಿಯಲ್ಲಿ, ರಾಗಿ ಕೊಯ್ದ ಹೊಲದಲ್ಲಿ, ಒಂದೇ ಸಲಕ್ಕೆ ಇಡೀ ಸೀಮೆಗೆ ಅವರೆಕಾಯಿ. ಕಾಯಿಯ ಮೇಲಿನ ಜಿಡ್ಡು ಬೆರಳಿಗೆ ಅಂಟಿ ಸೋಪಿಗೂ ಜಗ್ಗದ ಸೊಗಡು ಬಿಡುತ್ತದೆ. ಕನ್ನಡದ ಮನೆಯಲ್ಲಿ ಹಿದುಕಬೇಳೆ, ಪಕ್ಕದ ತೆಲುಗು ಮನೆಯಲ್ಲಿ ಪಿತಿಕಿಪಪ್ಪು, ಸಾರಿಗೆ ಮುದ್ದೆ ಎರಡೂ ಕಡೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದಲ್ಲಿ ಈ ಹಠಕ್ಕೆ ಮದ್ದು ಕಂಡುಹಿಡಿದರು. ಎಚ್‌ಎ–3, ಎಚ್‌ಎ–4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಗಿಡ್ಡ ಗಿಡ, ಬೇಗ ಕಾಯಿ, ಯಾವ ತಿಂಗಳಲ್ಲಾದರೂ ಬಿತ್ತಬಹುದು. ರೈತನ ದೃಷ್ಟಿಯಿಂದ ಇದು ದೊಡ್ಡ ಉಪಕಾರ. ಎಲ್ಲರ ಅವರೆಯೂ ಒಂದೇ ವಾರ ಸಂತೆಗೆ ಬಂದು ದರ ಬೀಳುವ ಕಷ್ಟ ತಪ್ಪಿತು, ಮೇ ತಿಂಗಳಲ್ಲೂ ಅವರೆಕಾಳು ಉಪ್ಪಿಟ್ಟು ಸಾಧ್ಯವಾಯಿತು. ತಿನ್ನುವವರು ಮಾತ್ರ ಆ ಕಾಯಿಗೆ ಸೊಗಡಿಲ್ಲ ಎಂದು ಮೂಗೆಳೆಯುತ್ತಾರೆ. ಇದರಲ್ಲಿ ನಾಲಗೆಯ ಪಾಲೆಷ್ಟು, ನೆನಪಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಮತ ನಾಟಿಗೇ.

ವ್ಯಾಪಾರಿಗಳಿಗೆ ಈ ಜಗಳ ಚೆನ್ನಾಗಿ ಗೊತ್ತು. ಕೋಲಾರ, ಶ್ರೀನಿವಾಸಪುರದ ರಸ್ತೆ ಬದಿಯಲ್ಲಿ ಚಳಿಗಾಲದ ಬೆಳಗ್ಗೆ ಅವರೆಯ ರಾಶಿ ಹಾಕಿ ಕೂತವರು "ಸೀಜನ್ ಕಾಯಿ ಅಣ್ಣಾ, ಸೊಗಡು ನೋಡು" ಎಂದು ಒಂದು ಕಾಯಿ ಮುರಿದು ಮೂಗಿಗೆ ಹಿಡಿಯುತ್ತಾರೆ. ಅಲ್ಲಿ ಮಾತ್ರ ಆ ಪದಕ್ಕೆ ಹೊಲದ ಅರ್ಥ ಇನ್ನೂ ಇದೆ. ಬೇಕಾದವರು ಆಗಸ್ಟಿನೊಳಗೆ ರಾಗಿಯ ಜೊತೆ ಒಂದು ಸಾಲು ಬಿತ್ತಿಕೊಂಡಿರಬೇಕು. ಬಿತ್ತದವರು ಅವರು ಕೇಳಿದ ರೇಟಿಗೇ ಕೊಳ್ಳಬೇಕು.